ಹದಿನೆಂಟು ಶೀಟಿನ ಮಾಡು

ಬೋವಿಕಾನದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಅಲ್ಲಿ ಕೂತು ಜನರ ಮೈಯಳತೆ ತೆಗೆದುಕೊಂಡಿದ್ದೇನೆ. ಒಂದು ದಿನ ಮನೆಯ ಮೇಲಿನ ಮಾಡಿನ ಅಳತೆಯನ್ನೂ ತೆಗೆಯುತ್ತೇನೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಕಳೆದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ಅಂಗಡಿ ತುಂಬಿ ಹೋಗಿತ್ತು. ಹೊಲಿದು ಮುಗಿಸಿದ ಯೂನಿಫಾರ್ಮುಗಳನ್ನು ಮನೆಗೆ ತಂದು ಒಳಕೋಣೆಯ ಮಂಚದ ಮೇಲೆ ಜೋಡಿಸಿಟ್ಟಿದ್ದೆ. ನಮ್ಮದು ತಾರಸಿ ಮನೆ. ಗೋಡೆಯ ಮೇಲ್ಭಾಗದಲ್ಲಿ ಒದ್ದೆ ಕಾಣಿಸಿಕೊಂಡು ಎರಡು ಮಳೆಗಾಲ ಕಳೆದಿದ್ದರೂ ನಾವು ಅದನ್ನು ಕಂಡೂ ಕಾಣದವರಂತೆ ಇದ್ದೆವು. ಒಂದು ಬೆಳಿಗ್ಗೆ ಕೋಣೆಗೆ ಹೋಗಿ ನೋಡುತ್ತೇನೆ, ಸ್ಲ್ಯಾಬಿನಿಂದ ತೊಟ್ಟಿಕ್ಕಿದ ತುಕ್ಕಿನ ನೀರು ಹನ್ನೊಂದು ಬಿಳಿ ಅಂಗಿಗಳ ಮೇಲೆ ಬಿದ್ದು ಕಂದು ಕಲೆಯಾಗಿತ್ತು. ತೊಳೆದೆ, ಉಜ್ಜಿದೆ, ಬಿಸಿಲಿಲ್ಲದ ದಿನಗಳಲ್ಲಿ ಫ್ಯಾನಿನ ಕೆಳಗೆ ಒಣಗಿಸಿದೆ. ಆದರೂ ನಾಲ್ಕು ಅಂಗಿಗಳ ಕಲೆ ಹೋಗಲಿಲ್ಲ. ಅವಕ್ಕೆ ನನ್ನ ಕೈಯಿಂದಲೇ ದುಡ್ಡು ಹಾಕಿ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟೆ. ಮುಂದಿನ ಮಳೆಗಾಲದ ಒಳಗೆ ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಲೇಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಗಂಡ ರಿಕ್ಷಾ ಓಡಿಸುವವರು, ಊರೆಲ್ಲ ಪರಿಚಯ. ಮಳೆ ನಿಂತ ಮೇಲೆ ಒಬ್ಬ ವೆಲ್ಡಿಂಗಿನವನನ್ನು ಕರೆದುಕೊಂಡು ಬಂದರು. ಅವನು ಬೈಕಿನಿಂದ ಇಳಿಯಲೂ ಇಲ್ಲ. ಅಂಗಳದಲ್ಲಿ ಒಂದು ಕಾಲೂರಿ ಮೇಲೆ ನೋಡಿ, "ಸಾವಿರದ ನೂರು ಚದರಡಿ ಉಂಟು" ಎಂದ. ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕಿ ಅವನು ಹೇಳಿದ ಮೊತ್ತ ಕೇಳಿ ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು. ವಾರ ಕಳೆದು ಇನ್ನೊಬ್ಬ ಬಂದ. ಇವನು ಮೇಲೆ ಹತ್ತಿ, ಉದ್ದಕ್ಕೂ ಅಡ್ಡಕ್ಕೂ ಹೆಜ್ಜೆ ಹಾಕಿ, "ಏಳುನೂರು ಸಾಕು" ಎಂದ.

"ಇವನಿಗೇ ಕೊಡುವಾ" ಎಂದರು ಗಂಡ, ಖುಷಿಯಲ್ಲಿ.

"ಅಲ್ಲ ಮಾರಾಯ್ರೆ, ಒಂದೇ ಮನೆ. ಒಬ್ಬನಿಗೆ ಸಾವಿರದ ನೂರು, ಇನ್ನೊಬ್ಬನಿಗೆ ಏಳುನೂರು ಹೇಗೆ ಆಗ್ತದೆ?" ಎಂದೆ.

"ಅದು ಅವರವರ ಅಂದಾಜು."

ನನಗೆ ಆ ಮಾತು ಸರಿಬರಲಿಲ್ಲ. ಒಂದೇ ಮೈಗೆ ಒಬ್ಬ ದರ್ಜಿ ಎರಡು ಮೀಟರ್, ಮತ್ತೊಬ್ಬ ಮೂರು ಮೀಟರ್ ಬಟ್ಟೆ ಬೇಕೆಂದರೆ ಅದನ್ನು ಅಂದಾಜು ಎನ್ನುತ್ತಾರೆಯೇ? ಇಬ್ಬರಲ್ಲಿ ಒಬ್ಬನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಇಬ್ಬರಿಗೂ ಗೊತ್ತಿಲ್ಲ.

ಭಾನುವಾರ ಊಟವಾದ ಮೇಲೆ ನನ್ನ ಟೇಪು ಹಿಡಿದು ತಾರಸಿ ಹತ್ತಿದೆ. ಅರುವತ್ತು ಇಂಚಿನ ಟೇಪಿನಲ್ಲಿ ತಾರಸಿ ಅಳೆಯುವುದೆಂದರೆ ಸೌಟಿನಲ್ಲಿ ಬಾವಿ ಖಾಲಿ ಮಾಡಿದ ಹಾಗೆ. ಪ್ರತಿ ಐದಡಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾ ಹೋದೆ. ಅತ್ತೆ ಕೊಡೆ ಹಿಡಿದು ಮೆಟ್ಟಿಲು ಹತ್ತಿ ಬಂದು, ಟೇಪಿನ ಆ ತುದಿ ಹಿಡಿದು ಕೂತರು.

"ನಿನಗೆ ಎಂತ ಮರುಳಾ ಮಗಳೇ? ಈ ಬಿಸಿಲಿಗೆ!"

"ಅತ್ತೆ, ಇಪ್ಪತ್ತೇಳು ಅಡಿ ಉದ್ದ, ಇಪ್ಪತ್ತನಾಲ್ಕು ಅಡಿ ಅಗಲ. ಗುಣಿಸಿದರೆ ಆರುನೂರ ನಲವತ್ತೆಂಟು."

"ಹಾಗಾದ್ರೆ ಏಳುನೂರು ಹೇಳಿದವನದ್ದೇ ಸರಿ?"

ಅಲ್ಲಿಯೇ ನನಗೆ ಹೊಳೆದದ್ದು. ಎರಡನೆಯವನು ಅಳೆದದ್ದು ತಾರಸಿಯನ್ನು, ಮಾಡನ್ನಲ್ಲ. ಮಾಡು ಗೋಡೆಯಿಂದ ಎರಡಡಿಯಾದರೂ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಪಡುವಣದ ಗಾಳಿಮಳೆ ಸೀದಾ ಒಳಗೆ ಬರುತ್ತದೆ. ಅದರ ಮೇಲೆ ಇಳಿಜಾರಿನ ಉದ್ದ ಬೇರೆ. ಇವೆಲ್ಲ ಆಮೇಲೆ ಕೆಲಸದ ಮಧ್ಯೆ "ಎಕ್ಸ್‌ಟ್ರಾ" ಎಂದು ಲೆಕ್ಕಕ್ಕೆ ಬರುತ್ತಿದ್ದವು. ಯಾರದೋ ಕೈಯಲ್ಲಿದ್ದ ವಿದ್ಯೆಯೊಂದು ನನಗೂ ಅರ್ಥವಾಗುತ್ತಿದೆ ಎಂದು ಖುಷಿಯಾಯಿತು.

ಇಳಿಜಾರಿನ ಉದ್ದ ಎಷ್ಟೆಂದು ತಿಳಿಯುವುದು ಹೇಗೆ? ಶಾಲೆಯಲ್ಲಿ ಕಲಿತ ಸೂತ್ರ ಯಾವಾಗಲೋ ಮರೆತುಹೋಗಿತ್ತು. ಆದರೆ ಕಟಿಂಗ್ ಕಾಗದ ಇತ್ತು. ಒಂದಡಿಗೆ ಒಂದಿಂಚು ಎಂದು ಇಟ್ಟುಕೊಂಡು ಊಟದ ಮೇಜಿನ ಮೇಲೆ ಗೆರೆ ಎಳೆದೆ. ಎರಡೂ ಬದಿಯ ಚಾಚು ಸೇರಿಸಿದರೆ ಅಗಲ ಇಪ್ಪತ್ತೆಂಟು ಅಡಿ, ಮಾಡು ಎರಡು ಬದಿಗೆ ಇಳಿಯುವುದರಿಂದ ಅದರ ಅರ್ಧ ಹದಿನಾಲ್ಕು. ಮಾಡಿನ ನೆತ್ತಿ ನಾಲ್ಕಡಿ ಎತ್ತರ ಎಂದು ಹಿಡಿದೆ. ಹದಿನಾಲ್ಕು ಇಂಚಿನ ಅಡ್ಡಗೆರೆಯ ತುದಿಗೆ ನಾಲ್ಕಿಂಚಿನ ನೇರಗೆರೆ ನಿಲ್ಲಿಸಿ, ಎರಡರ ಕೊನೆಗಳನ್ನು ಓರೆಯಾಗಿ ಸೇರಿಸಿದೆ. ಟೇಪಿಟ್ಟು ನೋಡಿದರೆ ಹದಿನಾಲ್ಕೂವರೆಗಿಂತ ಚೂರು ಹೆಚ್ಚು. ಅಂದರೆ ಒಂದೊಂದು ಶೀಟು ಹದಿನಾಲ್ಕಡಿ ಏಳಿಂಚು ಉದ್ದ ಇರಬೇಕು! ಮಾಡಿನ ಉದ್ದ ಚಾಚು ಸೇರಿ ಮೂವತ್ತೊಂದು ಅಡಿ, ಅದಕ್ಕೆ ಎರಡು ಬದಿ ಎಂದು ಗುಣಿಸಿದೆ.

ಮೇಜು ತಟ್ಟಿ ಕೂಗಿದೆ. ಗಂಡ ರಿಕ್ಷಾ ತೊಳೆಯುತ್ತಿದ್ದವರು ಒದ್ದೆ ಕೈಯಲ್ಲೇ ಒಳಗೆ ಓಡಿ ಬಂದರು. "ಎಂತ ಆಯ್ತು? ಬೆರಳಿಗೆ ಸೂಜಿ ಹೊಕ್ಕಿತಾ?"

"ಒಂಬೈನೂರು!" ಎಂದೆ. "ಹೆಚ್ಚೆಂದರೆ ಒಂಬೈನೂರ ಐದು. ಇಬ್ಬರದ್ದೂ ತಪ್ಪು!"

ಅವರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅರ್ಥವಾಯಿತೋ ಇಲ್ಲವೋ, "ನಾಳೆ ಶೀಟಿನ ಅಂಗಡಿಗೇ ಹೋಗುವಾ, ರೆಡಿಯಾಗು" ಎಂದರು. ಅಷ್ಟರಲ್ಲಿ ಅತ್ತೆ, "ನಾನೂ ಬರ್ತೇನೆ. ಬಣ್ಣ ನೋಡ್ಲಿಕ್ಕುಂಟು" ಎಂದು ಒಳಗಿನಿಂದ ಹೇಳಿದರು.

ಮರುದಿನ ಅಂಗಡಿಗೆ ಬೀಗ ಹಾಕಿ ಮೂವರೂ ರಿಕ್ಷಾದಲ್ಲಿ ನಾಯ್ಮಾರ್ಮೂಲೆಗೆ ಹೋದೆವು. ಶೀಟಿನ ಅಂಗಡಿಯಲ್ಲಿ ಗೋಡೆ ತುಂಬ ಬಣ್ಣಬಣ್ಣದ ತುಂಡುಗಳು. ಅತ್ತೆಗೆ ಹೆಂಚಿನ ಕೆಂಪೇ ಆಗಬೇಕು, ಇವರಿಗೆ ನೀಲಿ. ಅವರಿಬ್ಬರ ಜಗಳ ನಡೆಯುತ್ತಿರುವಾಗ ನಾನು ಒಂದು ಶೀಟಿನ ಅಗಲ ಅಳೆದೆ. ಬಟ್ಟೆ ಕೊಳ್ಳುವಾಗ ಮೊದಲು ಕೇಳುವುದೇ ಪನ್ನ, ಅಂದರೆ ಅಗಲ, ಎಷ್ಟೆಂದು. ಒಂದರ ಅಂಚು ಇನ್ನೊಂದರ ಮೇಲೆ ಕೂರುವುದನ್ನು ಕಳೆದರೆ ಸಿಗುವುದು ಮೂವತ್ತೊಂಬತ್ತು ಇಂಚು. ನಮ್ಮ ಮಾಡಿನ ಉದ್ದ, ಎರಡೂ ತುದಿಯ ಚಾಚು ಸೇರಿ, ಮೂವತ್ತೊಂದು ಅಡಿ. ಲೆಕ್ಕ ಹಾಕಿದರೆ ಒಂದು ಬದಿಗೆ ಒಂಬತ್ತೂವರೆ ಶೀಟು. ಅರ್ಧ ಶೀಟು ಯಾರೂ ಕೊಡುವುದಿಲ್ಲ. ಹತ್ತು ತರಬೇಕು, ಉಳಿದದ್ದನ್ನು ಕತ್ತರಿಸಿ ಎಸೆಯಬೇಕು.

ಎಸೆಯುವುದೆಂದರೆ ನನಗೆ ಆಗದು. ಬಟ್ಟೆ ಸಾಲದೆ ಬಂದಾಗ ನಾವು ಅಂಚು ಮಡಚುವುದನ್ನು ಸ್ವಲ್ಪ ಕಡಿಮೆ ಮಾಡುತ್ತೇವೆ. ಇಲ್ಲೂ ಹಾಗೇ ಮಾಡಿದರೆ? ತೆಂಕು ಬಡಗು ತುದಿಗಳಲ್ಲಿ ಚಾಚನ್ನು ಎರಡಡಿಯ ಬದಲು ಒಂದಡಿ ಚಿಲ್ಲರೆ ಇಟ್ಟರೆ ಒಟ್ಟು ಉದ್ದ ಇಪ್ಪತ್ತೊಂಬತ್ತೂಕಾಲು ಅಡಿ. ಮೂವತ್ತೊಂಬತ್ತು ಇಂಚಿನ ಒಂಬತ್ತು ಶೀಟು, ಸರಿಯಾಗಿ! ಒಂದು ಬದಿಗೆ ಒಂಬತ್ತು, ಎರಡು ಬದಿಗೆ ಹದಿನೆಂಟು. ಎರಡು ಶೀಟು ಉಳಿತಾಯ. ಮನೆಯಿಂದ ತಂದಿದ್ದ ಕಾಗದದಲ್ಲಿ ಹಾಗೇ ತಿದ್ದಿ ಬರೆದುಕೊಂಡೆ.

ಪಕ್ಕದಲ್ಲಿ ಸ್ಕ್ರೂ ಪ್ಯಾಕೆಟು ಆರಿಸುತ್ತಿದ್ದ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಐವತ್ತು ದಾಟಿದವರು, ಅಂಗಿಯ ತುಂಬ ವೆಲ್ಡಿಂಗಿನ ಕಿಡಿ ಹಾರಿದ ಸಣ್ಣ ತೂತುಗಳು. ಮಾತಿನಲ್ಲಿ ಮಲಯಾಳದ ಧಾಟಿ.

"ಅಕ್ಕ, ಆ ಪೇಪರ್ ಒಮ್ಮೆ ತೋರಿಸ್ತೀರಾ?"

ಕೊಟ್ಟೆ. ಕನ್ನಡಕ ಹಣೆಗೇರಿಸಿ, ಕಾಗದವನ್ನು ಮುಖದ ಹತ್ತಿರ ಹಿಡಿದು ನೋಡಿದರು. ಪರೀಕ್ಷೆಯ ಪೇಪರು ಕೊಟ್ಟ ಹುಡುಗಿಯಂತೆ ನಾನು ಕಾದು ನಿಂತೆ.

"ಯಾರು ಮಾಡಿದ್ದು ಇದು?"

"ನಾನೇ ಅಣ್ಣ. ಒಂದಡಿ ಚಾಚು ಸಾಲ್ತದಾ?"

"ತೆಂಕು ಬಡಗಿಗೆ ಸಾಕು. ಮಳೆ ಹೊಡೆಯುದು ಪಡುವಿಂದ, ಅಲ್ಲಿ ಎರಡಡಿ ಇಟ್ಟಿದ್ದೀರಿ. ಸರಿ ಉಂಟು. ಆದ್ರೆ ಒಂದು ಬಿಟ್ಟುಹೋಗಿದೆ." ನೆತ್ತಿಯ ಗೆರೆಯ ಮೇಲೆ ಬೆರಳಿಟ್ಟರು. "ಎರಡು ಬದಿಯ ಶೀಟು ಸೇರುವ ಈ ಜಾಗಕ್ಕೆ ಎಂತ ಹಾಕ್ತೀರಿ? ಕ್ಯಾಪ್ ಬೇಡ್ವಾ? ಕುತ್ತಿಗೆಗೆ ಪಟ್ಟಿ ಇಡದೆ ಬ್ಲೌಸು ಹೊಲೀತೀರಾ?"

ನಾನು ಹೊಲಿಗೆಯವಳೆಂದು ಅವರಿಗೆ ಹೇಗೆ ಗೊತ್ತಾಯಿತು? ಕೇಳಿದ್ದಕ್ಕೆ ನನ್ನ ಕುತ್ತಿಗೆಯತ್ತ ಬೆರಳು ತೋರಿಸಿದರು. ಟೇಪು ಅಲ್ಲೇ ನೇತಾಡುತ್ತಿತ್ತು. ನಾನು ನಕ್ಕೆ, ಅತ್ತೆ ನನಗಿಂತ ಜೋರಾಗಿ ನಕ್ಕರು.

ಕೆಲಸ ಅವರಿಗೇ ಕೊಟ್ಟೆವು. ಅವತ್ತೇ ಅವರು ನನ್ನ ಕಾಗದದ ಹಿಂಬದಿಯಲ್ಲಿ ಕಂಬ ಎಷ್ಟು, ಪೈಪು ಎಷ್ಟು, ಕ್ಯಾಪ್ ಎಷ್ಟು, ನೀರು ಹೋಗುವ ಪಾತಿ ಎಷ್ಟಡಿ ಎಂದು ಒಂದೊಂದಾಗಿ ಬರೆದುಕೊಟ್ಟರು. ಚದರಡಿ ಎಂಟುನೂರ ಐವತ್ತಮೂರು. ಮೊದಲನೆಯವನು ಹೇಳಿದ ಮೊತ್ತಕ್ಕಿಂತ ಬಹಳ ಕಡಿಮೆ. ಎರಡನೆಯವನದಕ್ಕಿಂತ ಹೆಚ್ಚು, ಆದರೆ ಪ್ರತಿಯೊಂದು ಸಾಲೂ ನನಗೆ ಅರ್ಥವಾಗುತ್ತಿತ್ತು. ಬಣ್ಣದ ವಿಷಯದಲ್ಲಿ ಅತ್ತೆ ಗೆದ್ದರು.

ದುಡ್ಡು ಹೊಂದಿಸುವಷ್ಟರಲ್ಲಿ ಮೇ ತಿಂಗಳಾಯಿತು, ಆ ಬಿಸಿಲಿಗೆ ಕಂಬ ನಿಂತವು. ಶೀಟು ಏರಿಸುವ ದಿನ ನನಗೆ ಅಂಗಡಿಗೆ ಹೋಗುವ ಮನಸ್ಸೇ ಇರಲಿಲ್ಲ. ಕೆಳಗೆ ನಿಂತು ಎಣಿಸಿದೆ. ಏಳು, ಎಂಟು, ಒಂಬತ್ತನೆಯದು ಬಡಗಿನ ತುದಿಯ ಪೈಪಿಗೆ ಬಂದು ಕೂತಿತು. ಕತ್ತರಿ ಬೇಕಾಗಲಿಲ್ಲ. ಮೇಲಿಂದ ಆ ಅಣ್ಣ, "ಅಕ್ಕಾ, ಅಳತೆ ಪಾಸ್!" ಎಂದು ಕೂಗಿದರು. ನೆರೆಮನೆಯವರು ನೋಡುತ್ತಿದ್ದಾರೆಂಬುದನ್ನೂ ಮರೆತು ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಜೂನಿನಲ್ಲಿ ಮೊದಲ ಮಳೆ ಮಧ್ಯಾಹ್ನ ಬಂತು. ನಾವು ಮೂವರೂ ಮೇಲೆ ಹೋಗಿ ಮಾಡಿನ ಕೆಳಗೆ ನಿಂತೆವು. ಶೀಟಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಅತ್ತೆ ತಾರಸಿಯ ನೆಲವನ್ನು ಅಂಗೈಯಿಂದ ಸವರಿ, ಒದ್ದೆಯಾಗದ ಕೈಯನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದರು.

ಅದಾಗಿ ಎರಡು ವಾರಕ್ಕೆ ಆ ಅಣ್ಣನ ಫೋನು. ಪುತ್ತಿಗೆಯ ಹತ್ತಿರ ಒಂದು ಮನೆ, ಮಾಡು ಎರಡು ಕಡೆಗೆ ತಿರುಗುತ್ತದೆ, ಮಧ್ಯದಲ್ಲಿ ಓರೆ ಕತ್ತರಿಸಬೇಕು, ಶೀಟು ಎಷ್ಟು ಹಾಳಾಗುತ್ತದೆಂದು ಲೆಕ್ಕ ಸಿಗುತ್ತಿಲ್ಲ.

"ನಿಮ್ಮ ಪೇಪರಲ್ಲಿ ಒಮ್ಮೆ ಕತ್ತರಿಸಿ ನೋಡ್ತೀರಾ ಅಕ್ಕ? ಸುಮ್ಮನೆ ಅಲ್ಲ, ಕೆಲಸದ ಕೂಲಿ ಕೊಡ್ತೇನೆ."

ಭಾನುವಾರ ಬರುತ್ತೇನೆ ಎಂದೆ. ಫೋನಿಟ್ಟು ತಿರುಗಿ ನೋಡಿದರೆ ಅತ್ತೆ ಆಗಲೇ ಪೆಟ್ಟಿಗೆ ತೆರೆದು ತಮಗೊಂದು ಒಳ್ಳೆಯ ಸೀರೆ ಹುಡುಕುತ್ತಿದ್ದರು.