ಹೂಂ ಅನ್ನುವ ಕೆಲಸ

ಅಂದು ಮಾಡಿದ ಕೆಲಸಗಳು: ಕಂದೀಲಿನ ಗಾಜು ಒರೆಸಿದೆ. ಮೆಂತ್ಯದ ಸೊಪ್ಪು ಸೋಸಿದೆ. ಒಂದಿಷ್ಟು ಶೇಂಗಾ ಸುಲಿದೆ. ನಡುವೆ ಎರಡು ಸಲ ಮಲಗಿದೆ. ಡಾಕ್ಟರರು ಹೇಳಿದ್ದರಿಂದ ಅದನ್ನೂ ಕೆಲಸದಲ್ಲೇ ಹಿಡಿಯುತ್ತಿದ್ದೆ. ಮಧ್ಯಾಹ್ನ, ತಿಂಗಳುಗಟ್ಟಲೆ ಸ್ಟೇಶನ್ನಿನಲ್ಲಿ ನಿಂತಿದ್ದ ಒಬ್ಬ ಹುಡುಗಿಯನ್ನು ಗಾಡಿ ಹತ್ತಿಸಿ ಕಳಿಸಿದೆ.

ಆ ಹುಡುಗಿ ಕಾದಂಬರಿಯವಳು. ಆಗ ನಾವು ಮಾಳಮಡ್ಡಿಯಲ್ಲಿದ್ದೆವು: ಅತ್ತೆಯವರು, ದಿನಾಲೂ ರೈಲಿನಲ್ಲಿ ಹುಬ್ಬಳ್ಳಿಯ ಕಚೇರಿಗೆ ಹೋಗಿಬರುತ್ತಿದ್ದ ನಮ್ಮ ಮನೆಯವರು, ನಾನು. ಮಧ್ಯಾಹ್ನದ ಊಟವಾದ ಮೇಲೆ ಓಣಿಯ ಹೆಣ್ಣುಮಕ್ಕಳು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ಅವರ ಕೈಯಲ್ಲಿ ಮೊರ, ನನ್ನ ಕೈಯಲ್ಲಿ ಪುಸ್ತಕ. ನಾನು ಓದಿ ಹೇಳುವುದು, ಅವರು ಅಕ್ಕಿ ಆರಿಸುತ್ತ ಕೇಳುವುದು. ಓಣಿಯಲ್ಲಿ ನನಗೊಂದು ಬೆಲೆ ಇದ್ದದ್ದೇ ಅದರಿಂದ. ಅಡಿಗೆಯಲ್ಲಿ ನಾನು ಅಂಥ ಜಾಣೆಯೇನಲ್ಲ.

ಮಹಾಯುದ್ಧಕ್ಕೆ ಮುಂಚಿನ ಒಂದು ಮಳೆಗಾಲದಲ್ಲಿ ನನಗೆ ನಡುಗುಜ್ವರ ಬಂತು. ಕಥೆಯ ನಾಯಕಿ ಆಗ ಟ್ರಂಕು ಹಿಡಿದು, ತವರಿನ ಗಾಡಿಗೆ ಕಾಯುತ್ತ ಸ್ಟೇಶನ್ನಿನಲ್ಲಿ ನಿಂತಿದ್ದಳು. ಜ್ವರ ಬಿಟ್ಟಿತು, ದಣಿವು ಬಿಡಲಿಲ್ಲ. ಕೈಕಾಲಿನ ದಣಿವಾಗಿದ್ದರೆ ಕುಳಿತು ಕಳೆಯಬಹುದಿತ್ತು; ಇದು ತಲೆಯೊಳಗೂ ಹೊಕ್ಕಿತ್ತು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಮೊದಲು ಮರೆತುಹೋಗುತ್ತಿತ್ತು. ಅರ್ಧ ಪುಟಕ್ಕೆ ಕಣ್ಣಿನ ಹಿಂದೆ ಯಾರೋ ದೀಪ ಸಣ್ಣ ಮಾಡಿದಂತಾಗುತ್ತಿತ್ತು.

ನಮ್ಮ ಮನೆಗೆ ರೈಲಿನ ಸಿಳ್ಳು ಕೇಳಿಸುತ್ತಿತ್ತು. ಅದು ಕೇಳಿದಾಗಲೆಲ್ಲ ಎದುರುಮನೆಯ ಅಕ್ಕ ತಮ್ಮ ಬಾಗಿಲಲ್ಲೇ ನಿಂತು ಕೂಗುವರು: “ಏನವಾ, ಆಕಿ ಗಾಡಿ ಬಂತೋ ಇಲ್ಲೋ?”

“ಇನ್ನೂ ಇಲ್ರಿ ಅಕ್ಕಾರ.”

“ಹಿಂಗಾದ್ರ ಆಕಿ ಟ್ರಂಕಿಗೆ ಗೆದ್ದಲಾ ಹತ್ತತಾವ ನೋಡು.”

“ತಗಡಿನ ಟ್ರಂಕಿಗೆ ಎಲ್ಲಿ ಗೆದ್ದಲಾ?” ಎಂದು ಅತ್ತೆಯವರು ಒಳಗಿನಿಂದಲೇ ನನ್ನ ಪರ ನಿಲ್ಲುವರು.

“ತುಕ್ಕರ ಹಿಡೀತೈತಿಲ್ಲೋ? ಹಿಂದಿನ ಓಣಿ ಮಾಸ್ತರ ಹೇಣ್ತಿ ಛಲೋ ಓದತಾಳಂತ. ಪುಸ್ತಕ ಆಕಿಗೆ ಕೊಡೂಣು.”

ಅಕ್ಕ ನಗುತ್ತಲೇ ಅಂದದ್ದು, ಆದರೆ ನನಗೆ ನಗು ಬರಲಿಲ್ಲ. ಪುಸ್ತಕದ ಜೊತೆ ಕಟ್ಟೆಯ ಮಂದಿಯೂ ಹಿಂದಿನ ಓಣಿಗೆ ಹೋಗುವುದು ಖಂಡಿತ.

ಅತ್ತೆಯವರಿಗೆ ಓದು ಬಾರದು. ಅವರು ನನ್ನ ಪಕ್ಕದಲ್ಲಿ ಕುಳಿತು ಅಂದರು: “ಪುಸ್ತಕಾ ಬಾಜೂಕಿಡು. ನಾ ಕಥಿ ಹೇಳತೇನಿ, ನೀ ಹೂಂ ಅನ್ನು. ಅಷ್ಟರ ಆಗತೈತಿಲ್ಲೋ?”

ನಮ್ಮಲ್ಲಿ ಕಥೆ ಕೇಳುವವರು ಹೂಂ ಅನ್ನದಿದ್ದರೆ ಹೇಳುವವರ ಮಾತು ಮುಂದೆ ಹೋಗುವುದಿಲ್ಲ.

“ಒಂದೂರಾಗ ಒಬ್ಬ ರಾಜಾ.”

“ಹೂಂ.”

“ಅವನ ಕಡೆ ಒಂದು ಆನಿ.”

“ಹೂಂ.”

“ಆ ಆನಿ ನುಗ್ಗಿ ಗಿಡಾ ಹತ್ತಿ ಕಾಯಿ ಹರಕೊಂತ ಕೂತಿತ್ತು.”

“ಹೂಂ.”

“ಹೂಂ ಅಂತಿ! ನುಗ್ಗಿ ಟೊಂಗಿ ಮ್ಯಾಲೆ ಕಾಗಿ ಕೂತ್ರ ಮುರೀತೈತಿ, ನೀ ಆನಿ ಕೂಡಿಸಿದೆಲ್ಲ ಯವ್ವಾ!”

ಜ್ವರ ಬಂದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕದ್ದು ಅಂದೇ.

ಆಮೇಲೆ ದಿನಾಲೂ ಕಥೆಯಲ್ಲಿ ಎಲ್ಲೋ ಒಂದು ಕಡೆ ಆನೆ ಅಡಗಿರುತ್ತಿತ್ತು. ಒಮ್ಮೆ ಉಪ್ಪಿನ ಗಡಿಗೆಯಲ್ಲಿ, ಒಮ್ಮೆ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ. “ಅತ್ತೀ, ಆನಿ ಬಂತ್ರಿ!” ಎಂದು ನಾನು ಹಿಡಿದೆನೋ, ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

“ಇನ್ನೊಂದೀಟ ಹೇಳ್ರಿ.”

“ಬ್ಯಾಡ. ಬೇಕು ಅನ್ನಸಾಕತ್ತೈತಲ್ಲ, ಅದನ್ನ ನಾಳಿಗೆ ಉಳಸಿಕೋ.”

ದಸರೆಯ ಹೊತ್ತಿಗೆ ಪುಸ್ತಕ ತೆರೆದೆ. ನಾಲ್ಕು ಸಾಲು ಓದಿ, ಮುಚ್ಚಿ, ನನ್ನ ಮಾತಿನಲ್ಲಿ ಹೇಳುವುದು. ಈಗ ಹೂಂ ಅನ್ನುವ ಪಾಳಿ ಅತ್ತೆಯವರದು. ಒಂದು ದಿನ ಎದುರುಮನೆಯ ಅಕ್ಕ ಬಂದು ಕುಳಿತರು. ಜಂಬದಿಂದ ನಾನು ಪುಟದ ಮೇಲೆ ಪುಟ ಓದಿದೆ. ಗಾಡಿ ಮಾತ್ರ ಬರಲಿಲ್ಲ, ಯಾಕೆಂದರೆ ನಾಯಕಿ ಅಲ್ಲೇ ನಿಂತು ತನ್ನ ಬಾಲ್ಯವನ್ನೆಲ್ಲ ನೆನೆಯುತ್ತಿದ್ದಳು! ಮರುದಿನ ನನಗೆ ತಲೆ ಎತ್ತಲಾಗಲಿಲ್ಲ, ವಾರವಿಡೀ ಹಾಸಿಗೆ. ಅತ್ತೆಯವರು ಬೈಯಲಿಲ್ಲ. ಗಂಜಿ ತಂದಿಟ್ಟು, “ನಮ್ಮ ಆನಿ ನುಗ್ಗಿ ಗಿಡಾ ಹತ್ತಾಕ ಹೋಗಿತ್ತು,” ಎಂದರು ಅಷ್ಟೆ.

ಮತ್ತೆ ಎರಡು ಸಾಲಿನಿಂದ ಶುರು. ಅಕ್ಕನಿಗೆ ತಾಳ್ಮೆ ಮುಗಿಯಿತು. “ಈ ಸಂತಿ ಒಳಗ ಆಕಿ ಗಾಡಿ ಹತ್ತಲಿಲ್ಲಂದ್ರ ಪುಸ್ತಕಾ ನಾ ಹಿಂದಿನ ಓಣಿಗೆ ಒಯ್ಯಾಕಿ ನೋಡವಾ,” ಎಂದುಬಿಟ್ಟರು.

ಹಾಗಾಗಿ ಅಂದು, ಮೊದಲು ಹೇಳಿದ ಕೆಲಸಗಳಾದ ಮೇಲೆ, ಎಲ್ಲರನ್ನೂ ಕಟ್ಟೆಗೆ ಕರೆದೆ. ಒಂದು ತುಂಡು ಓದಿದೆ. ಕಣ್ಣಿನ ಹಿಂದಿನ ದೀಪ ಇನ್ನೂ ಉರಿಯುತ್ತಿರುವಾಗಲೇ ಪುಸ್ತಕ ಮಡಿಲಲ್ಲಿಟ್ಟೆ.

“ಯಾಕ, ನಿಂತೆಲ್ಲ?” ಎಂದರು ಅಕ್ಕ.

“ಈಗ ಆಗಿದ್ದನ್ನ ನೀವು ಹೇಳ್ರಿ ಅಕ್ಕಾರ. ನಾ ಹೂಂ ಅಂತೇನಿ.”

ಅಕ್ಕ ಸೆರಗು ಸರಿಮಾಡಿಕೊಂಡು ಶುರುಮಾಡಿದರು. ನಾಯಕಿಗೆ ಹಸಿರು ಇಳಕಲ್ ಸೀರೆ ಉಡಿಸಿದರು. ಪುಸ್ತಕದಲ್ಲಿ ಸೀರೆಯ ಮಾತೇ ಇರಲಿಲ್ಲ. “ಸೀರಿ ಎಲ್ಲಿಂದ ಬಂತಬೇ?” ಎಂದು ಒಬ್ಬರು. “ಮತ್ತ ಉಡಲಾರದ ನಿಂತಿದ್ದಳೇನ ಆಕಿ?” ಎಂದು ಅಕ್ಕ. ಕಟ್ಟೆಯ ತುಂಬ ಜಗಳ, ನಗು. ನಾನು ಗೋಡೆಗೆ ಒರಗಿ ಹೂಂ ಹೂಂ ಅನ್ನುತ್ತ ತಲೆಗೆ ಒಂದಿಷ್ಟು ಬಿಡುವು ಕೊಟ್ಟೆ. ಆಮೇಲೆ ಇನ್ನೊಂದು ತುಂಡು ಓದಿದೆ. ಮತ್ತೆ ಅವರು ಹೇಳಿದರು. ಹೀಗೆ ಮೂರು ಸುತ್ತಾಗುವಷ್ಟರಲ್ಲಿ ಕಥೆಯ ಗಾಡಿ ಬಂತು, ಹುಡುಗಿ ಹತ್ತಿದಳು. ಸರಿಯಾಗಿ ಆಗಲೇ ನಮ್ಮ ಸ್ಟೇಶನ್ನಿನ ಗಾಡಿಯೂ ಕೂಗಿತೆಂದು ಬರೆದರೆ ಚೆಂದವಿತ್ತು, ಆದರೆ ಕೂಗಿದ್ದು ಎದುರುಮನೆಯ ಅಕ್ಕ: “ಹತ್ತಿದಳವಾ, ಹತ್ತಿದಳು! ಟ್ರಂಕ ತಗೊಂಡಳಿಲ್ಲೋ?”

ಮಾಸ್ತರ ಹೆಂಡತಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ದಣಿವು ಇಂದಿಗೂ ನನ್ನ ಜೊತೆಗೇ ಇದೆ. ಮನೆಯಲ್ಲಿ ಉಳಿದುಕೊಂಡ ನೆಂಟರಂತೆ ಅದಕ್ಕೂ ಒಂದು ಹೊತ್ತು, ಒಂದು ಚಾಪೆ ಕೊಟ್ಟಿದ್ದೇನೆ. ನಮ್ಮ ಕಟ್ಟೆಯ ಓದೂ ಅಂದಿನಿಂದ ಹಾಗೇ ನಡೆಯಿತು: ಒಂದಿಷ್ಟು ನಾನು, ಒಂದಿಷ್ಟು ಅವರು.

ಅಂದು ರಾತ್ರಿ ಊಟಕ್ಕೆ ಅತ್ತೆಯವರು ಬಡಿದ ಬಿಸಿ ರೊಟ್ಟಿ, ನಾನು ಸೋಸಿಟ್ಟಿದ್ದ ಮೆಂತ್ಯದ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮನೆಯವರು ಒಂದು ರೊಟ್ಟಿ ಹೆಚ್ಚಿಗೆ ಉಂಡರು. ಹಾಸಿಗೆ ಹಾಸಿದ ಮೇಲೆ ಅತ್ತೆಯವರು, “ಆಕಿ ಹೆಂಗ ಹತ್ತಿದಳು, ಇನ್ನೊಮ್ಮೆ ಹೇಳು,” ಎಂದರು. ಹೇಳಿದೆ.

“ಗಾಡಿ ಬಿಟ್ಟಿತ್ರಿ.”

“ಹೂಂ.”

“ಆಕಿ ಬಾಜೂಕ ಒಂದು ಆನಿ ಬಂದು ಕೂತತ್ರಿ.”

“ಹೂಂ.”

ಆ ಕಡೆಯ ಹಾಸಿಗೆಯಲ್ಲಿ ಮನೆಯವರು ಕಿಸಕ್ಕೆಂದು ನಕ್ಕರು. “ಟಿಕೀಟ ತಗೊಂಡಿತ್ತಂತೇನು?” ಎಂದು ಕೇಳಿದರು.

“ಹೂಂ,” ಎಂದರು ಅತ್ತೆಯವರು. ಅಂದು ಮೊದಲು ನಿದ್ದೆ ಹೋದವರು ಅವರೇ.