ಕಿಂಡಿಯ ಮೂಲೆಗೆ ಹಾಕದ ಸರಳು

ಆ ಸರಳುಗಳನ್ನು ಇಮಾಮಸಾಬ್ ಮರೆತಿರಲಿಲ್ಲ. ಬೇಡವೆಂದವನು ನಾನು. ಅವರೇ ಮರೆತರೆಂದು ಹೇಳಿದವನೂ ನಾನೇ — ಒಮ್ಮೆಯಲ್ಲ, ಏಳು ವರ್ಷ.

ಕಾಂಕ್ರೀಟ್ ಹಲಗೆಗಳನ್ನು ಮೊದಲೇ ಎರಕಹೊಯ್ದು ಸಾಗಿಸುವ, ಕೊಪ್ಪಳದ ಹೊರಗಿನ ಯಾರ್ಡಿನಲ್ಲಿ ನಾನು ಎಂಜಿನಿಯರ್; ಭಾಗ್ಯನಗರದ ಇಮಾಮಸಾಬ್ ಸರಳು ಕಟ್ಟುವ ಮೇಸ್ತ್ರಿ. ಗಂಗಾವತಿಯ ಅಕ್ಕಿ ಗೋದಾಮೊಂದರ ಚಾವಣಿಗೆ ಹಲಗೆಗಳು ಹೋಗಬೇಕಿತ್ತು. ಒಂದರಲ್ಲಿ ಗಾಳಿಗೆಂದು ಚೌಕದ ಕಿಂಡಿ. ಬಿಗಿದೆಳೆದ ಉಕ್ಕಿನ ತಂತಿಗಳೇ ಇಂಥ ಹಲಗೆಯ ಜೀವ. ಕಿಂಡಿ ಬಂದಲ್ಲಿ ಅವು ಪಕ್ಕಕ್ಕೆ ಸರಿಯುತ್ತವೆ. ಅದಕ್ಕೇ ಕಿಂಡಿಯ ಸುತ್ತ ಬೇರೆ ಸರಳು ಕಟ್ಟಬೇಕು, ನಾಲ್ಕು ಮೂಲೆಗೂ ಓರೆಯಾಗಿ. ನಕ್ಷೆಯಲ್ಲಿತ್ತು. ಸರಳು ಬಂದಿರಲಿಲ್ಲ. ಕಾಂಕ್ರೀಟ್ ಮಾತ್ರ ಕಲಸಿ ತಂದಾಗಿತ್ತು.

"ಮೂಲಿಗೆ ರಾಡ್ ಇಲ್ಲಂದ್ರ ಸೀಳತೈತ್ರಿ, ಸಾಹೇಬ್ರ. ಇವತ್ತು ಬಿಡೂಣ್ರಿ," ಎಂದರು ಇಮಾಮಸಾಬ್.

"ತಂತಿ ಬಿಗದೈತಿ, ಅದ ಹಿಡೀತೈತಿ. ನನಗ ಕಲಸ್ತೀರೇನು? ಸುರೀರಿ!" ಎಂದೆ. ತಪಾಸಣೆಯ ಹಾಳೆಗೆ ಸಹಿ ಹಾಕಿದೆ — ಇಲ್ಲದ ಸರಳಿಗೆ!

ಗಂಗಾವತಿಯಲ್ಲಿ ಕ್ರೇನ್ ಹಲಗೆಯನ್ನು ಎತ್ತಿತು. ಕಿಂಡಿಯ ಮೂಲೆಯಿಂದ ಬಿರುಕು ಓಡಿತು. ಮುರಿದ ತುಂಡು, ಹಗ್ಗ ಹಿಡಿದು ನಿಂತಿದ್ದ ಕೂಲಿಯಾಳು ದುರುಗಪ್ಪನ ಮೇಲೆ ಬಿತ್ತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಯಾರ್ಡಿನ ಮಾಲೀಕರು ಬಂದು ಮುರಿದ ಅಂಚು ನೋಡಿ, "ಇಲ್ಲಿ ರಾಡ್ ಎಲ್ಲಿ?" ಎಂದರು.

"ಇಮಾಮಸಾಬ್ ಮರತಾರ್ರಿ. ನಾ ನಂಬಿ ಸಹಿ ಮಾಡೀನ್ರಿ."

ಪಕ್ಕದಲ್ಲೇ ನಿಂತಿದ್ದ ಇಮಾಮಸಾಬ್ ನನ್ನತ್ತ ತಿರುಗಿದರು. "ನಾ ಮರತೀನೇನ್ರಿ, ಸಾಹೇಬ್ರ?"

ಆಗಲೂ ಅವಕಾಶವಿತ್ತು. ನಾನು — ಹೌದೆಂದೆ.

ಅವರನ್ನು ಅವತ್ತೇ ತೆಗೆದರು. 'ಕೂಲಿಯವನ ಕಾಲು ಕಳೆದ ಮೇಸ್ತ್ರಿ' ಎಂಬ ಹೆಸರು ಕುಷ್ಟಗಿ, ಯಲಬುರ್ಗಾದವರೆಗೂ ಹೋಯಿತು. ಎಲ್ಲೂ ಕೆಲಸ ಸಿಗಲಿಲ್ಲ. ನನಗೆ ಬಡ್ತಿ! ಹೊಸ ಎಂಜಿನಿಯರುಗಳಿಗೆ ಬೋರ್ಡಿನ ಮೇಲೆ ಓರೆ ಸರಳು ಎಳೆದು ತೋರಿಸಿ, "ಒಬ್ಬ ಮೇಸ್ತ್ರಿ ಮರೆತಿದ್ದಕ್ಕೆ ಒಬ್ಬನ ಕಾಲು ಹೋಯಿತು" ಎಂದು ಪಾಠ ಬೇರೆ ಹೇಳಿದೆ. ಎಂಥ ನಾಲಿಗೆ ಇದು! ಸುಟ್ಟುಹೋಗಬಾರದಿತ್ತೇ?

ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು: "ಕಾಂಕ್ರೀಟ್ ಸುರಿಯೂ ಮುಂದ ನೀವು ನೋಡಲಿಲ್ಲೇನ್ರಿ, ಸರ್?" ಅವಳ ಮೇಲೆ ಕೂಗಾಡಿದೆ. ಕೂಗುತ್ತಿರುವಾಗಲೇ ತಿಳಿಯಿತು — ಆ ಸಿಟ್ಟು ಯಾರ ಮೇಲಿನದೆಂದು.

ಭಾಗ್ಯನಗರಕ್ಕೆ ಹೋದೆ. ಇಮಾಮಸಾಬ್ ಮನೆಯ ಮುಂದೆ ಯಾರದೋ ಗ್ಯಾಸ್ ಒಲೆ ಬಿಚ್ಚಿಟ್ಟುಕೊಂಡು ರಿಪೇರಿ ಮಾಡುತ್ತಿದ್ದರು. ತಪ್ಪು ನನ್ನದೆಂದು ಕೈಮುಗಿದೆ. ಅವರು ತಲೆಯೆತ್ತಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀರಿ? ನನಗ ಗೊತ್ತಿದ್ದದ್ದ ಐತಿ. ಗೊತ್ತಿಲ್ಲದವರ ಮುಂದ ಹೇಳ್ರಿ."

ನಡೆದದ್ದನ್ನೆಲ್ಲ ಮಾಲೀಕರಿಗೆ ಬರೆದು ಕೊಟ್ಟೆ. ನಿನ್ನೆ ಗಂಗಾವತಿಯಲ್ಲಿ ದುರುಗಪ್ಪನಿಗೂ ಹೇಳಿದೆ. ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೋಲೂರಿ ಎದ್ದ.

"ಏಳು ವರ್ಷ ಆ ಮನಷ್ಯಾಗ ಬೈದೀನಿ. ಎದುರಿಗೆ ಬಂದಾಗ ಉಗುಳೀನಿ. ನಡೀರಿ, ಮೊದಲ ಅವರ ಕಡೆ ಕರಕೊಂಡು ಹೋಗ್ರಿ."

ಕರೆದೊಯ್ದೆ. ಇಮಾಮಸಾಬ್ ಅವನ ಕೈಹಿಡಿದು ಒಳಗೆ ಕೂರಿಸಿದರು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ನಾನು ಬೀದಿಯಲ್ಲೇ ನಿಂತಿದ್ದೆ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ — ಕರೆಯಲೂಬಾರದು.