ತಾಮ್ರದ ಹಂಡೆಯಲ್ಲಿ ಕಡಲ ನೀರು

ಮೀನು ಬೇಯಿಸದ ಮನೆಯಲ್ಲಿ ಮೀನು ಸಾಕಿದವನು ನಾನು. ಮಣಿಪಾಲದ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ, ಟಿ.ವಿ. ಇರಬೇಕಾದ ಜಾಗದಲ್ಲಿ, ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿರುವುದು ಉಪ್ಪುನೀರು. ಒಳಗೆ ಕಲ್ಲು, ನಾಲ್ಕಾರು ಹವಳ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಒಂದು ಜೋಡಿ ಮೀನು, ಮತ್ತು ಆ ಜೋಡಿ ಸಂಸಾರ ಹೂಡಿದ್ದ ಒಂದು ಎನಿಮೋನ್. ಎನಿಮೋನ್ ನೋಡಲಿಕ್ಕೆ ಹೂವು, ನಿಜಕ್ಕೆ ಪ್ರಾಣಿ. ಬೆರಳಿನಂಥ ಎಸಳು ಚಾಚಿ, ಸಿಕ್ಕಿದ್ದನ್ನು ಹಿಡಿದು ತಿನ್ನುತ್ತದೆ. ಈ ಮೀನುಗಳನ್ನು ಮಾತ್ರ ಏನೂ ಮಾಡುವುದಿಲ್ಲ. ಕಾರ್ಕಳದಿಂದ ಬರುವ ನೆಂಟರಿಗೆ ಇದೆಲ್ಲ ತಮಾಷೆ. "ಎಂತ ಮಾರಾಯ, ಇವುಗಳ ಪದಾರ್ಥ ಮಾಡಿ ಉಣ್ಣುವುದು ಯಾವಾಗ?" ಎಂದು ಕೇಳಿ ನಗುತ್ತಿದ್ದರು.

ಎನಿಮೋನಿಗೆ ವಾರಕ್ಕೆರಡು ಸಲ ಸಿಗಡಿಯ ಚೂರು ಹಾಕಬೇಕು. ಸಾಕುವ ಉತ್ಸಾಹ ನನ್ನದು. ಸಿಗಡಿ ಮುಟ್ಟುವ ಧೈರ್ಯ ಇರಲಿಲ್ಲ. ಆ ಕೆಲಸ ಮಾಡುತ್ತಿದ್ದವಳು ನಮ್ಮ ಮನೆಗೆ ಪಾತ್ರೆ ತೊಳೆದು ನೆಲ ಒರೆಸಲು ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸು. ಆಕೆಯ ಗಂಡ ದೋಣಿಯಲ್ಲಿ ಮೀನಿಗೆ ಹೋಗುವವರು. ಆಕೆ ಮನೆಯಿಂದಲೇ ಸಿಗಡಿ ತಂದು, ಬಾಲ್ಕನಿಯಲ್ಲಿ ಕೂತು ಸಿಪ್ಪೆ ಬಿಡಿಸಿ, ಚೂರು ಮಾಡಿ, ಉದ್ದ ಚಿಮ್ಮಟದಲ್ಲಿ ಹಿಡಿದು ಎನಿಮೋನಿನ ಬಾಯಿಗೇ ಇಡುತ್ತಿದ್ದಳು. "ತಿನ್ನು ಮಾರಾಯ್ತಿ, ನಿನ್ನೆ ಹಿಡಿದದ್ದು, ತಾಜಾ ಉಂಟು" ಎಂದು ಅದರೊಡನೆ ಮಾತೂ ಆಡುತ್ತಿದ್ದಳು. ಅಂಗೈಯಗಲ ಇದ್ದದ್ದು ಊಟದ ತಟ್ಟೆಯಗಲ ಆದದ್ದು ಆಕೆಯ ಕೈಯಿಂದ. ಬಂದವರಿಗೆ ಮಾತ್ರ ನಾನು ಸಾಕಿದ್ದು ಎಂದೇ ಹೇಳುತ್ತಿದ್ದೆ.

ಹತ್ತು ದಿನಕ್ಕೊಮ್ಮೆ ತೊಟ್ಟಿಯ ಸ್ವಲ್ಪ ನೀರು ತೆಗೆದು ಹೊಸತು ಹಾಕಬೇಕು. ಅದಕ್ಕೆ ನಾನು ಎಲ್ಲಿಂದಲೋ ಪೊಟ್ಟಣದ ಉಪ್ಪು ತರಿಸಿ, ಫಿಲ್ಟರ್ ನೀರಿನಲ್ಲಿ ಕರಗಿಸುತ್ತಿದ್ದೆ. ಕಡಲ ಬದಿಯ ಜಿಲ್ಲೆಯಲ್ಲಿ ಕೂತು ಕಡಲ ನೀರು ತಯಾರಿಸುವ ಬುದ್ಧಿವಂತ! ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ಒಮ್ಮೆ ಉಪ್ಪು ಬರುವುದು ತಡವಾಯಿತು. ನಾನು ಪೇಚಾಡುವುದನ್ನು ನೋಡಿ ಆಕೆಯೇ ಹೇಳಿದಳು, "ಕಡಲು ಇಲ್ಲೇ ಉಂಟಲ್ಲ ಸರ್? ನಮ್ಮವರು ದೂರದಿಂದ ಒಳ್ಳೆ ನೀರು ತರ್ತಾರೆ." ಎರಡು ದಿನ ಬಿಟ್ಟು ಆಕೆಯ ಗಂಡ ಪರಿಚಯದವರ ರಿಕ್ಷಾದಲ್ಲಿ ಎರಡು ದೊಡ್ಡ ಕ್ಯಾನು ನೀರು ಕಳಿಸಿಕೊಟ್ಟರು. ನೀರು ಕನ್ನಡಿಯ ಹಾಗೆ ಇತ್ತು.

ಆ ನೀರನ್ನು ಹಾಗೆಯೇ ತೊಟ್ಟಿಗೆ ಹಾಕಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಾನು ಅದನ್ನು ಹಂಡೆಗೆ ಹೊಯ್ದೆ. ಕಾರ್ಕಳದ ಹಳೆಯ ಮನೆಯಿಂದ ತಂದ ತಾಮ್ರದ ಹಂಡೆ ಅದು, ಬಾಲ್ಕನಿಯಲ್ಲಿ ಚಂದಕ್ಕೆ ಇಟ್ಟದ್ದು. ನೀರಿಗೆಂದೇ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಮೇಲಿಂದ ಒಂದು ಚೊಂಬು ನೀರು ಹೊಯ್ದು, ತೊಳೆದಾಯಿತು ಅಂದುಕೊಂಡೆ. ಒಂದು ರಾತ್ರಿ ನಿಂತರೆ ಮರಳು ತಳ ಸೇರುತ್ತದೆ ಎಂದು ಹೆಂಡತಿಗೆ ಹೇಳಿದೆ. ಅದು ಅರ್ಧ ನಿಜ. ಮೀನು ಹೇರುವ ದೋಣಿಯಲ್ಲಿ ಬಂದ ಕ್ಯಾನು ಎಂಬುದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಅಜ್ಜಿ ಮಡಿನೀರು ತುಂಬಿಡುತ್ತಿದ್ದ ಹಂಡೆಗೆ ಬಿದ್ದರೆ ನೀರು ಶುದ್ಧವಾಯಿತು ಎಂಬ ಸಮಾಧಾನ. ಮೀನಿನ ತೊಟ್ಟಿಯ ನೀರಿಗೆ ಮೀನಿನ ವಾಸನೆ ಇರಬಾರದು ಎಂದವನು ನಾನು. ನಗುವುದಾದರೆ ನಗಬಹುದು.

ಬೆಳಿಗ್ಗೆ ನೀರು ಬದಲಿಸಿದೆ. ಸಂಜೆಗೆ ಎನಿಮೋನ್ ಮುದುಡಿತು. ಮರುದಿನ ಅದರ ಬಾಯಿ ಸಡಿಲವಾಗಿ ತೆರೆದುಕೊಂಡಿತ್ತು; ಮೂರನೆಯ ದಿನ ನೆನೆದ ಕಾಗದದಂತೆ ಕರಗಿ ನಾರತೊಡಗಿತು. ಮೀನುಗಳು ಬದುಕಿದ್ದವು. ಎನಿಮೋನ್ ತೆಗೆದ ಮೇಲೂ ಆ ಜೋಡಿ ಬರಿಯ ಕಲ್ಲಿಗೆ ಮೈ ಉಜ್ಜುತ್ತಾ ಅಲ್ಲೇ ಸುತ್ತುತ್ತಿತ್ತು.

ಆಕೆ ಕೆಲಸಕ್ಕೆ ಬಂದವಳು ತೊಟ್ಟಿಯ ಎದುರು ನಿಂತುಬಿಟ್ಟಳು. ನಾನು ಕೇಳಿದೆ, "ಆ ಕ್ಯಾನಿನಲ್ಲಿ ಮೊದಲು ಎಂತ ಇತ್ತು? ಡೀಸೆಲಾ?"

"ಇಲ್ಲ ಸರ್, ಕುಡಿಯುವ ನೀರಿನದ್ದು. ತೊಳೆದೇ ಕೊಟ್ಟದ್ದು."

"ನಿಮ್ಮ ತೊಳೆಯುವುದು ನನಗೆ ಗೊತ್ತುಂಟು."

ಆರು ವರ್ಷ ನಾವು ಉಂಡ ತಟ್ಟೆಗಳನ್ನು ತೊಳೆದವಳಿಗೆ ನಾನು ಆಡಿದ ಮಾತು ಅದು. ಆಕೆ ನೆಲ ಒರೆಸಿ ಮುಗಿಸಿ, ಬಟ್ಟೆ ಹಿಂಡಿ ಒಣಗಲು ಹಾಕಿ ಹೋದಳು. ಮರುದಿನದಿಂದ ಬರಲಿಲ್ಲ. ಸಿಟ್ಟು ಬಂದಿರಬೇಕು, ತಪ್ಪು ಮಾಡಿದವರಿಗೇ ಸಿಟ್ಟು ಹೆಚ್ಚು ಎಂದು ಹೆಂಡತಿಯ ಹತ್ತಿರ ದೊಡ್ಡದಾಗಿ ಹೇಳಿದೆ.

ದೀಪಾವಳಿಗೆ ಸ್ನಾನದ ನೀರು ತುಂಬುವ ಶಾಸ್ತ್ರಕ್ಕೆ ಹಂಡೆ ತಿಕ್ಕುವ ಪಾಲು ಆ ವರ್ಷ ನನಗೇ ಬಂತು. ಹುಣಸೆಯ ರಸ ಹಸಿರಾಗಿ ಬೆರಳ ಸಂದಿಯಿಂದ ಇಳಿಯಿತು. ಕೈ ಅಲ್ಲೇ ನಿಂತಿತು. ಹುಳಿ ತಾಕಿದರೆ ತಾಮ್ರದ ಕಿಲುಬು ಕರಗುತ್ತದೆ. ಉಪ್ಪುನೀರು ನಿಂತರೆ ಇನ್ನಷ್ಟು ಬಿಡುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಎನಿಮೋನಿಗೆ ವಿಷ. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಉಡುಪಿಯ ಒಂದು ಕಾಲೇಜಿನಲ್ಲಿ ನಾನು ಮಕ್ಕಳಿಗೆ ಕಲಿಸುವುದು ರಸಾಯನಶಾಸ್ತ್ರವನ್ನೇ. ಆದರೂ ಮೊಂಡತನ ಬಿಡಲಿಲ್ಲ. ಹಂಡೆಯಲ್ಲಿ ಒಂದು ರಾತ್ರಿ ಉಪ್ಪುನೀರು ಇಟ್ಟು, ಶೀಶೆಯಲ್ಲಿ ಲ್ಯಾಬಿಗೆ ಒಯ್ದು, ಅಮೋನಿಯಾ ಹಾಕಿ ನೋಡಿದೆ. ನೀಲಿಯಾಯಿತು, ತಾಮ್ರ ಇದ್ದರೆ ಬರುವ ಬಣ್ಣ. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಹೋಗಿ ಹೇಳಿ ಬನ್ನಿ" ಎಂದಳು, ಅಷ್ಟೇ.

ಭಾನುವಾರ ಸ್ಕೂಟರಿನಲ್ಲಿ ಕಾಪುವಿಗೆ ಹೊರಟೆ. ಹೇಳಬೇಕಾದ ಮಾತನ್ನು ಉದ್ಯಾವರದಿಂದಲೇ ಬಾಯಿಪಾಠ ಮಾಡಿದೆ: ತಪ್ಪು ನನ್ನದು, ನಿಮ್ಮ ನೀರು ಒಳ್ಳೆಯದಿತ್ತು, ನನ್ನ ಹಂಡೆಯೇ ಕೊಂದದ್ದು. ಆಕೆಯ ಗಂಡ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು, ಒಳಗಿನಿಂದ ಕುರ್ಚಿ ತಂದು, ಪಂಚೆಯ ತುದಿಯಿಂದ ಒರೆಸಿ ಕೂರಿಸಿದರು. ಆಕೆ ಬಾಗಿಲ ಮರೆಯಲ್ಲಿ ನಿಂತಳು, ಹೊರಗೆ ಬರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು, "ಸರ್, ಅವತ್ತು ನಮ್ಮಿಂದ ತಪ್ಪಾಯ್ತು. ಮೂರು ಸಲ ತೊಳೆದಿದ್ದೆ. ಆದ್ರೂ ಒಳಗೆ ಎಂತದೋ ಉಳಿದಿರಬೇಕು. ಒಂದು ಜೀವ ಹೋಯ್ತಲ್ಲ. ನಿಮ್ಮ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಂತ ಇವಳು ಕೆಲಸಕ್ಕೇ ಬರ್ಲಿಲ್ಲ. ಮನಸ್ಸಿನಲ್ಲಿ ಇಟ್ಕೊಳ್ಬೇಡಿ."

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ಮೇಲೇ ಇತ್ತು. ಹೇಳಲು ಒಂದು ನಿಮಿಷ ಸಾಕಿತ್ತು. ಆದರೆ ಆ ಕುರ್ಚಿಯಲ್ಲಿ ದೊಡ್ಡ ಮನುಷ್ಯನಂತೆ ಕೂತಿದ್ದೆ. ಇಳಿಯಲು ಮನಸ್ಸು ಬರಲಿಲ್ಲ.

"ಪರವಾಗಿಲ್ಲ, ಬಿಡಿ" ಎಂದೆ.

ಬಾಗಿಲ ಮರೆಯಲ್ಲಿ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವರು ಕೊಟ್ಟ ಬೊಂಡದ ಎಳನೀರು ಕುಡಿದು ಹೊರಟು ಬಂದೆ.

ಸೋಮವಾರ ಬೆಳಿಗ್ಗೆ ಆಕೆ ಕೆಲಸಕ್ಕೆ ಬಂದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ಹೇಳುವುದು ನನಗೆ ಹಾಲ್‌ಗೆ ಕೇಳಿಸಿತು: "ಸರ್‌ದು ದೊಡ್ಡ ಮನಸ್ಸು ಅಕ್ಕ. ಮನೆಗೇ ಬಂದು ಕ್ಷಮಿಸಿ ಹೋದ್ರು." ಹೆಂಡತಿ ಹೊರಗೆ ಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಅವಳೂ ಹೇಳಲಿಲ್ಲ. ನಾನಂತೂ ಇವತ್ತಿನವರೆಗೆ ಹೇಳಿಲ್ಲ.